ಹುಳುಕಡ್ಡಿಗೆ ಯಾವ ಔಷಧ: ಮುಲಾಮೋ, ಮಾತ್ರೆಯೋ, ಎರಡೂ ಬೇಕೋ?

ಮಳೆ ಹಿಡಿದು ಎರಡು ವಾರವಾಗುವಷ್ಟರಲ್ಲಿ ಔಷಧದಂಗಡಿಯ ಕೌಂಟರಿಗೆ ಒಂದು ಬಗೆಯ ಗಿರಾಕಿಗಳು ಬರತೊಡಗುತ್ತಾರೆ. ಬೇರೆ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಬಂದು, ದನಿ ತಗ್ಗಿಸಿ, "ಅಣ್ಣಾ, ತೊಡೆಸಂದಿನ ತುರಿಕೆಗೆ ಒಂದು ಟ್ಯೂಬ್ ಕೊಡಿ, ಸ್ವಲ್ಪ ಸ್ಟ್ರಾಂಗ್ ಇರಲಿ" ಎನ್ನುತ್ತಾರೆ. ಕೌಂಟರಿನ ಈಚೆ ನಿಂತು ವರ್ಷಗಟ್ಟಲೆ ಈ ಮಾತು ಕೇಳಿದ ನನಗೆ ತೊಂದರೆ ಶುರುವಾಗುವುದೇ ಆ 'ಸ್ಟ್ರಾಂಗ್' ಎಂಬ ಪದದಿಂದ ಎನಿಸಿದೆ. ಎರಡೇ ದಿನಕ್ಕೆ ತುರಿಕೆ ಅಡಗಿಸುವ ಟ್ಯೂಬನ್ನು ಜನ ಬಲವಾದದ್ದೆಂದು ತಿಳಿಯುತ್ತಾರೆ. ಹಾಗೆ ಅಡಗಿಸುವುದು ಬಹಳಷ್ಟು ಸಲ ಶಿಲೀಂಧ್ರವನ್ನು ಕೊಲ್ಲುವ ಔಷಧವಲ್ಲ, ಅದರ ಜೊತೆಗೆ ಬೆರೆಸಿರುವ ಸ್ಟಿರಾಯ್ಡ್. ಆದ್ದರಿಂದ ಶಿಲೀಂಧ್ರನಾಶಕಗಳನ್ನು ಬಲದ ಅಳತೆಯಲ್ಲಿ ಹೋಲಿಸುವುದಕ್ಕಿಂತ, ಯಾವ ಶಿಲೀಂಧ್ರಕ್ಕೆ, ಮೈಯ ಯಾವ ಜಾಗಕ್ಕೆ, ಬೇರೆ ಯಾವ ಮಾತ್ರೆ ನುಂಗುತ್ತಿರುವ ಮನುಷ್ಯನಿಗೆ ಎಂಬ ಮೂರು ಪ್ರಶ್ನೆಗಳನ್ನಿಟ್ಟುಕೊಂಡು ಹೋಲಿಸುವುದು ಸರಿಯಾದ ದಾರಿ.

ಮೊದಲು, ಇದು ಹುಳುಕಡ್ಡಿಯೇ ಹೌದೇ?

ಹುಳುಕಡ್ಡಿ ಅಥವಾ ಗಜಕರ್ಣ ಎಂದು ನಾವು ಕರೆಯುವುದು ಡರ್ಮಟೊಫೈಟ್ ಎಂಬ ಶಿಲೀಂಧ್ರಗಳ ಗುಂಪಿನಿಂದ ಬರುವ ಸೋಂಕು. ಹೆಸರಿನಲ್ಲಿ ಹುಳುವಿದ್ದರೂ ರೋಗದಲ್ಲಿ ಹುಳುವಿಲ್ಲ. ಅಂಚು ಕೆಂಪಾಗಿ, ಸಣ್ಣ ಗುಳ್ಳೆ ಮತ್ತು ಹೊಟ್ಟಿನಿಂದ ಕೂಡಿ, ನಡುಭಾಗ ತಿಳಿಯಾಗುತ್ತಾ ಬಳೆಯಂತೆ ಹಬ್ಬುವುದು ಇದರ ಲಕ್ಷಣ. ಎದೆ, ಬೆನ್ನು, ಹೆಗಲ ಮೇಲೆ ಬಿಳಿ ಅಥವಾ ಕಂದು ಮಚ್ಚೆಯಾಗಿ ಹರಡುವ, ಅಷ್ಟಾಗಿ ತುರಿಸದ ಚಿಬ್ಬು ಮಲಸೇಜಿಯಾ ಎಂಬ ಬೇರೆ ಶಿಲೀಂಧ್ರದ್ದು. ಮಕ್ಕಳ ಬಾಯಿಯಲ್ಲಿ ಮೊಸರು ಅಂಟಿದಂತೆ ಕಾಣುವ ಬಿಳಿ ಪದರ, ಹೆಂಗಸರಲ್ಲಿ ತುರಿಕೆಯೊಡನೆ ಬರುವ ಮೊಸರಿನಂಥ ಬಿಳಿಸ್ರಾವ, ಸದಾ ನೀರಿನಲ್ಲಿ ಕೆಲಸ ಮಾಡುವವರ ಬೆರಳಸಂದಿನ ಹುಣ್ಣು ಇವುಗಳಲ್ಲಿ ಹೆಚ್ಚಿನವು ಕ್ಯಾಂಡಿಡಾ ಎಂಬ ಮೂರನೆಯ ಬಗೆಯ ಶಿಲೀಂಧ್ರದಿಂದ ಬರುತ್ತವೆ.

ಈ ವಿಂಗಡಣೆ ಪುಸ್ತಕದ ಬದನೆಕಾಯಿಯಲ್ಲ. ನಿಸ್ಟಾಟಿನ್ ಎಂಬ ಔಷಧ ಕ್ಯಾಂಡಿಡಾದ ಮೇಲೆ ಕೆಲಸ ಮಾಡುತ್ತದೆ, ಹುಳುಕಡ್ಡಿಗೆ ತಿಂಗಳು ಹಚ್ಚಿದರೂ ಉಪಯೋಗವಿಲ್ಲ. ಗ್ರಿಸಿಯೋಫಲ್ವಿನ್ ಇದಕ್ಕೆ ತಿರುಗುಮುರುಗು: ಡರ್ಮಟೊಫೈಟ್‌ಗಳ ಮೇಲೆ ಮಾತ್ರ ಅದರ ಆಟ ನಡೆಯುತ್ತದೆ, ಚಿಬ್ಬಿಗೂ ಕ್ಯಾಂಡಿಡಾಕ್ಕೂ ಅದು ನಾಟುವುದಿಲ್ಲ. ಟರ್ಬಿನಾಫಿನ್ ಮುಲಾಮು ಚಿಬ್ಬನ್ನು ವಾಸಿಮಾಡಬಲ್ಲದು, ಅದೇ ಟರ್ಬಿನಾಫಿನ್ ಮಾತ್ರೆಯಾಗಿ ನುಂಗಿದರೆ ಚಿಬ್ಬಿಗೆ ಪ್ರಯೋಜನವಿಲ್ಲ. ಕ್ಲೋಟ್ರಿಮಜೋಲ್, ಮೈಕೋನಜೋಲ್, ಕೀಟೋಕೊನಜೋಲ್ ಮೊದಲಾದ 'ಅಜೋಲ್' ಮುಲಾಮುಗಳು ಮೂರಕ್ಕೂ ಸಲ್ಲುತ್ತವೆ.

ಇನ್ನೊಂದು ಕಡೆಯ ತಪ್ಪೂ ಉಂಟು. ಇಸುಬು, ಸೋರಿಯಾಸಿಸ್, ಸಾಬೂನಿನ ಅಲರ್ಜಿ ಇವೆಲ್ಲ ಹುಳುಕಡ್ಡಿಯ ವೇಷ ಹಾಕಬಲ್ಲವು. ತುರಿಕೆಯೇ ಇಲ್ಲದ, ಮುಟ್ಟಿದರೆ ಸ್ಪರ್ಶ ತಿಳಿಯದ ಮಾಸಲು ಮಚ್ಚೆಯನ್ನು ಚಿಬ್ಬೆಂದುಕೊಂಡು ಆರು ತಿಂಗಳು ಮುಲಾಮು ಸವರಿದವರಿದ್ದಾರೆ. ಸ್ಪರ್ಶವಿಲ್ಲದ ಮಚ್ಚೆ ಕುಷ್ಠದ ಮೊದಲ ಗುರುತಾಗಿರಬಹುದಾದ್ದರಿಂದ ಅಂಥದ್ದನ್ನು ವೈದ್ಯರಿಗೆ ತೋರಿಸದೆ ಒಂದು ದಿನವೂ ಕಾಯಬಾರದು. ಅನುಮಾನವಿದ್ದಾಗ ಚರ್ಮವೈದ್ಯರು ಮಾಡುವ ಕೆಒಎಚ್ ಪರೀಕ್ಷೆ ಬಹಳ ಸರಳವಾದದ್ದು. ಮಚ್ಚೆಯ ಅಂಚಿನಿಂದ ಬ್ಲೇಡಿನ ಮೊಂಡುಬದಿಯಲ್ಲಿ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಕೆರೆದು ಉದುರಿಸಿಕೊಂಡು, ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿಟ್ಟು, ಚರ್ಮದ ಕಣಗಳು ಕರಗಿ ತಿಳಿಯಾಗುವವರೆಗೆ ಕಾದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಶಿಲೀಂಧ್ರವಿದ್ದರೆ ಕವಲೊಡೆದ ನೂಲಿನೆಳೆಗಳಂತೆ ಕಾಣುತ್ತದೆ. ನೋವಿಲ್ಲ, ಖರ್ಚೂ ಹೆಚ್ಚಲ್ಲ. ಹೊರಡುವ ಮುಂಚೆ ಕೆಲವು ದಿನ ಶಿಲೀಂಧ್ರನಾಶಕ ಹಚ್ಚದೆ ಬಿಟ್ಟಿದ್ದರೆ ಫಲಿತಾಂಶ ಇನ್ನೂ ನಂಬುವಂತಿರುತ್ತದೆ.

ಟ್ಯೂಬಿನ ಹಿಂಬದಿ

ಎರಡು ಟ್ಯೂಬುಗಳ ನಡುವೆ ಆಯ್ಕೆ ಮಾಡಬೇಕಾದಾಗ ಮುಂದಿನ ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು ಹಿಂದಿನ ಸಣ್ಣ ಅಕ್ಷರವನ್ನು ಓದಬೇಕು. ಒಂದರಲ್ಲಿ 'ಕ್ಲೋಟ್ರಿಮಜೋಲ್ 1%' ಎಂಬ ಒಂದೇ ಸಾಲು ಇರುತ್ತದೆ. ಇನ್ನೊಂದರಲ್ಲಿ ಮೈಕೋನಜೋಲ್, ಅದರ ಕೆಳಗೆ ನಿಯೋಮೈಸಿನ್ ಅಥವಾ ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್, ಅದರ ಕೆಳಗೆ ಕ್ಲೊಬೆಟಸಾಲ್, ಬೀಟಾಮೆಥಾಸೋನ್ ಅಥವಾ ಬೆಕ್ಲೊಮೆಥಾಸೋನ್ ಎಂಬ ಹೆಸರು ಕಂಡರೆ ಆ ಕೊನೆಯದೇ ಸ್ಟಿರಾಯ್ಡ್. ಇವುಗಳಲ್ಲಿ ಕ್ಲೊಬೆಟಸಾಲ್ ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡ್‌ಗಳ ಪೈಕಿ ಅತಿ ತೀಕ್ಷ್ಣವಾದವುಗಳ ಸಾಲಿಗೆ ಸೇರುತ್ತದೆ. ಒಂದೇ ಹೆಸರಿನ ಮುಲಾಮು ಸಾದಾ ರೂಪದಲ್ಲೂ, ಹೆಸರಿನ ಕೊನೆಗೆ 'ಬಿ', 'ಜಿಎಂ' ಎಂಬಂಥ ಅಕ್ಷರ ಅಂಟಿಸಿಕೊಂಡು ಸ್ಟಿರಾಯ್ಡ್ ಬೆರೆತ ರೂಪದಲ್ಲೂ ಬರುವುದರಿಂದ, ಬಾಯಿಮಾತಿನಲ್ಲಿ ಹೆಸರು ಹೇಳಿ ಕೊಂಡವರಿಗೆ ತಾವು ಯಾವುದನ್ನು ಹಚ್ಚಿಕೊಂಡೆವೆಂಬುದೇ ತಿಳಿದಿರುವುದಿಲ್ಲ.

ಸ್ಟಿರಾಯ್ಡ್ ಚರ್ಮದ ಉರಿಯೂತವನ್ನು ತಗ್ಗಿಸುತ್ತದೆ. ಕೆಂಪು ಮತ್ತು ತುರಿಕೆ ಎಂದರೆ ಶಿಲೀಂಧ್ರದ ವಿರುದ್ಧ ಶರೀರ ಹೂಡಿರುವ ಹೋರಾಟ. ಆ ಹೋರಾಟವನ್ನು ಮಲಗಿಸಿದರೆ ಹೊರಗೆ ಶಾಂತವಾಗಿ ಕಂಡರೂ ಒಳಗೆ ಶಿಲೀಂಧ್ರ ನಿರಾತಂಕವಾಗಿ ಹಬ್ಬುತ್ತದೆ. ಹಚ್ಚುವುದನ್ನು ನಿಲ್ಲಿಸಿದ ವಾರದೊಳಗೆ ಮೊದಲಿಗಿಂತ ದೊಡ್ಡದಾಗಿ, ಕೆಲವೊಮ್ಮೆ ಬಳೆಯೊಳಗೊಂದು ಬಳೆಯಾಗಿ ಮರಳುತ್ತದೆ. ಮತ್ತೆ ಅದೇ ಟ್ಯೂಬು. ಹೀಗೆ ತಿಂಗಳುಗಟ್ಟಲೆ ಹಚ್ಚಿದ ತೊಡೆಸಂದಿನ ಚರ್ಮ ತೆಳುವಾಗಿ, ಬಸುರಿಯರ ಹೊಟ್ಟೆಯ ಮೇಲೆ ಬೀಳುವಂಥ ಗೆರೆಗಳು ಮೂಡುತ್ತವೆ, ಆ ಗೆರೆಗಳು ಆಮೇಲೆ ಅಳಿಯುವುದಿಲ್ಲ. ಭಾರತದಲ್ಲಿ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಹುಳುಕಡ್ಡಿ ಜಗ್ಗದ ರೋಗವಾಗಿ ಬೆಳೆದುದಕ್ಕೆ ಈ ಮಿಶ್ರಣಗಳೂ ಒಂದು ಮುಖ್ಯ ಕಾರಣವೆಂದು ಚರ್ಮವೈದ್ಯರು ಹೇಳುತ್ತಲೇ ಬಂದಿದ್ದಾರೆ. ಚರ್ಮಕ್ಕೆ ಹಚ್ಚುವ ಹಲವು ಸ್ಟಿರಾಯ್ಡ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು, ಅಂದರೆ ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ನಿಯಮ ಕಾಗದದಲ್ಲಿದೆ, ಕೌಂಟರಿನಲ್ಲಿ ಏನಾಗುತ್ತದೆಂದು ಎರಡೂ ಕಡೆಯವರಿಗೆ ಗೊತ್ತಿದೆ. ಸಾದಾ ಮುಲಾಮು ಮತ್ತು ಸ್ಟಿರಾಯ್ಡ್ ಮಿಶ್ರಣದ ನಡುವಿನ ಆಯ್ಕೆಯಲ್ಲಿ ನನ್ನ ಮಟ್ಟಿಗೆ ಹೋಲಿಕೆಯ ಮಾತೇ ಇಲ್ಲ: ಹುಳುಕಡ್ಡಿಗೆ ಮಿಶ್ರಣ ಬೇಡ. ಮಗುವಿನ ಡೈಪರ್ ಜಾಗಕ್ಕಂತೂ ಬೇಡವೇ ಬೇಡ, ಏಕೆಂದರೆ ಮುಚ್ಚಿದ ಜಾಗದಲ್ಲಿ ಸ್ಟಿರಾಯ್ಡ್ ಇನ್ನಷ್ಟು ಆಳಕ್ಕೆ ಇಳಿಯುತ್ತದೆ.

ಸಾದಾ ಮುಲಾಮುಗಳ ನಡುವೆ

ಸಾದಾ ಮುಲಾಮುಗಳಲ್ಲಿ ವ್ಯತ್ಯಾಸ ಜನ ತಿಳಿದಷ್ಟು ದೊಡ್ಡದಲ್ಲ. ಕ್ಲೋಟ್ರಿಮಜೋಲ್ ಮತ್ತು ಮೈಕೋನಜೋಲ್ ಹಳೆಯವು, ಅಗ್ಗದವು, ದಿನಕ್ಕೆ ಎರಡು ಬಾರಿ ಹಚ್ಚಬೇಕಾದವು; ಜನೌಷಧಿ ಕೇಂದ್ರದಲ್ಲಿ ಇನ್ನೂ ಕಡಿಮೆಗೆ ಸಿಗುತ್ತವೆ. ಬಸುರಿಯರಿಗೂ ಸಾಮಾನ್ಯವಾಗಿ ವೈದ್ಯರು ಮೊದಲು ಬರೆಯುವುದು ಇವನ್ನೇ. ಲುಲಿಕೊನಜೋಲ್ ಹೊಸದು, ದಿನಕ್ಕೊಮ್ಮೆ ಹಚ್ಚಿದರೆ ಸಾಕು, ಬೆಲೆ ಹೆಚ್ಚು. ಎರಡು ಹೊತ್ತು ಹಚ್ಚುವ ಶಿಸ್ತು ಇಲ್ಲದವರಿಗೆ ದಿನಕ್ಕೊಮ್ಮೆಯದು ವಾಸಿ ಎಂಬುದು ನಿಜವಾದ ಲೆಕ್ಕಾಚಾರ. ಟರ್ಬಿನಾಫಿನ್ ಡರ್ಮಟೊಫೈಟ್‌ಗಳನ್ನು ಬೆಳೆಯದಂತೆ ತಡೆಯುವುದಷ್ಟೇ ಅಲ್ಲದೆ ಕೊಲ್ಲುವ ಗುಣದ್ದು. ಆದರೆ ನಮ್ಮಲ್ಲಿ ಅದಕ್ಕೆ ಬಗ್ಗದ ತಳಿಗಳು ಹೆಚ್ಚಾಗಿವೆ. 2020ರಲ್ಲಿ ಟ್ರೈಕೊಫೈಟಾನ್ ಇಂಡೋಟೀನಿಯೆ ಎಂದು ನಾಮಕರಣಗೊಂಡ ಶಿಲೀಂಧ್ರದ ಹೆಸರಿನಲ್ಲೇ ಭಾರತವಿದೆ, ಹೆಮ್ಮೆಪಡುವ ಸಂಗತಿಯೇನಲ್ಲ. ಟರ್ಬಿನಾಫಿನ್ ತಾಕಬೇಕಾದ ಕಿಣ್ವದ ಜೀನ್ ಇದರಲ್ಲಿ ಹಲವು ಸಲ ಬದಲಾಗಿರುವುದರಿಂದ ಔಷಧದ ಗುರಿ ತಪ್ಪುತ್ತದೆ. ಬೆಂಜೋಯಿಕ್ ಮತ್ತು ಸ್ಯಾಲಿಸಿಲಿಕ್ ಆಮ್ಲಗಳ ಹಳೆಯ ವಿಟ್‌ಫೀಲ್ಡ್ ಮುಲಾಮು ಅಂಗೈ, ಅಂಗಾಲಿನ ದಪ್ಪ ಚರ್ಮಕ್ಕೆ ಈಗಲೂ ಸಲ್ಲುತ್ತದೆ, ತೊಡೆಸಂದಿಗೂ ಮುಖಕ್ಕೂ ಹಚ್ಚಿದರೆ ಉರಿ ತಡೆಯಲಾಗದು. ಜಜ್ಜಿದ ಬೆಳ್ಳುಳ್ಳಿ ಕಟ್ಟಿಕೊಂಡು ಚರ್ಮ ಸುಟ್ಟುಕೊಂಡು ಬರುವವರದು ಬೇರೆಯೇ ಕಥೆ.

ಯಾವ ಮುಲಾಮು ಎಂಬುದಕ್ಕಿಂತ ಎಷ್ಟು ಮತ್ತು ಎಲ್ಲಿಯವರೆಗೆ ಎಂಬುದೇ ಫಲವನ್ನು ನಿರ್ಧರಿಸುತ್ತದೆ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ತೂಗುತ್ತದೆ, ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಅಷ್ಟು ಜಾಗಕ್ಕೆ ದಿನಕ್ಕೆರಡು ಬಾರಿ ಹಚ್ಚಿದರೆ ದಿನಕ್ಕೆ ಒಂದು ಗ್ರಾಂ. ನಾಲ್ಕು ವಾರಕ್ಕೆ 28 ಗ್ರಾಂ, ಅಂದರೆ 15 ಗ್ರಾಮಿನ ಎರಡು ಟ್ಯೂಬು. ಒಂದೇ ಟ್ಯೂಬು ಒಯ್ದು ಮೂರು ತಿಂಗಳು ಬಳಸಿದೆ ಎನ್ನುವವರು ಹಚ್ಚಿದ್ದು ಔಷಧವಲ್ಲ, ಔಷಧದ ವಾಸನೆ. ಮಚ್ಚೆಯ ಅಂಚಿನಿಂದ ಎರಡು ಸೆಂಟಿಮೀಟರ್ ಹೊರಗಿನವರೆಗೂ ಹಚ್ಚಬೇಕು, ಏಕೆಂದರೆ ಶಿಲೀಂಧ್ರ ಕಣ್ಣಿಗೆ ಕಾಣುವ ಅಂಚಿನಲ್ಲಿ ನಿಂತಿರುವುದಿಲ್ಲ. ಮಚ್ಚೆ ಪೂರ್ತಿ ಮಾಯವಾದ ಮೇಲೂ ಎರಡು ವಾರ ಮುಂದುವರಿಸಬೇಕೆಂಬುದು ನಮ್ಮ ಚರ್ಮವೈದ್ಯರ ರೂಢಿ. ಸ್ನಾನ ಮಾಡಿ, ಒರೆಸಿಕೊಂಡು, ಜಾಗ ಪೂರ್ತಿ ಒಣಗಿದ ಮೇಲೆ ಹಚ್ಚಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮಾತ್ರೆಗೆ ಹೋಗುವ ಮುನ್ನ

ಒಂದೆರಡು ಮಚ್ಚೆಗೆ ಮುಲಾಮು ಸಾಕು. ಮೈಯ ಹಲವು ಕಡೆ ಹಬ್ಬಿದ್ದರೆ, ಮರುಕಳಿಸುತ್ತಿದ್ದರೆ, ಸ್ಟಿರಾಯ್ಡ್ ಹಚ್ಚಿ ಕೆಟ್ಟಿದ್ದರೆ ಮಾತ್ರೆಯೂ ಬೇಕಾಗಬಹುದು. ತಲೆಯ ಚರ್ಮಕ್ಕೂ ಉಗುರಿಗೂ ತಗುಲಿದರೆ ಹೆಚ್ಚಾಗಿ ಬೇಕೇ ಬೇಕಾಗುತ್ತದೆ. ಇಲ್ಲಿ ಆಯ್ಕೆ ವೈದ್ಯರದು, ಆದರೆ ರೋಗಿ ಹೇಳದೆ ಬಿಟ್ಟ ಒಂದು ವಿವರದಿಂದ ವೈದ್ಯರ ಆಯ್ಕೆಯೂ ತಪ್ಪಬಹುದಾದ್ದರಿಂದ ಮಾತ್ರೆಗಳ ಗುಣ ತಿಳಿದಿರುವುದು ಒಳ್ಳೆಯದು.

ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಚರ್ಮವೈದ್ಯರು ಜಗ್ಗದ ಹುಳುಕಡ್ಡಿಯ 200 ರೋಗಿಗಳನ್ನು ನಾಲ್ಕು ಗುಂಪು ಮಾಡಿ ನಾಲ್ಕು ಮಾತ್ರೆಗಳನ್ನು ಹೋಲಿಸಿ 2020ರಲ್ಲಿ ಪ್ರಕಟಿಸಿದ ಫಲಿತಾಂಶ ಕಣ್ಣು ತೆರೆಸುವಂಥದ್ದು. ಎಂಟು ವಾರಕ್ಕೆ ಗುಣವಾದವರು ಇಟ್ರಾಕೊನಜೋಲ್‌ನಲ್ಲಿ 66%, ಫ್ಲುಕೊನಜೋಲ್‌ನಲ್ಲಿ 42%, ಟರ್ಬಿನಾಫಿನ್‌ನಲ್ಲಿ 28%, ಗ್ರಿಸಿಯೋಫಲ್ವಿನ್‌ನಲ್ಲಿ 14%. ಒಂದು ಕಾಲಕ್ಕೆ ಎರಡು ವಾರದ ಟರ್ಬಿನಾಫಿನ್‌ಗೆ ಮಣಿಯುತ್ತಿದ್ದ ರೋಗ ಇದು. ಹಾಗೆಂದು ಎಲ್ಲರಿಗೂ ಇಟ್ರಾಕೊನಜೋಲ್ ಎಂದು ತೀರ್ಮಾನಿಸುವಂತಿಲ್ಲ, ಏಕೆಂದರೆ ಈ ನಾಲ್ಕರಲ್ಲಿ ಬೇರೆ ಮಾತ್ರೆಗಳೊಡನೆ ಅತಿ ಹೆಚ್ಚು ತಂಟೆ ತೆಗೆಯುವುದೂ ಅದೇ.

ಇಟ್ರಾಕೊನಜೋಲ್ ಕ್ಯಾಪ್ಸುಲ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು, ಆದ್ದರಿಂದ ಹೊಟ್ಟೆತುಂಬ ಊಟವಾದ ಕೂಡಲೇ ನುಂಗಬೇಕು. ನಮ್ಮಲ್ಲಿ ಬೆಳಿಗ್ಗೆ ಎದ್ದ ಕೂಡಲೇ 'ಗ್ಯಾಸ್ಟ್ರಿಕ್ ಮಾತ್ರೆ' ಎಂದು ಪ್ಯಾಂಟೊಪ್ರಜೋಲ್ ನುಂಗುವುದು ಕಾಫಿಯಷ್ಟೇ ವಾಡಿಕೆಯಾಗಿದೆ. ಆ ಮಾತ್ರೆ ಆಮ್ಲವನ್ನು ತಗ್ಗಿಸಿರುವ ಹೊಟ್ಟೆಗೆ ಬಿದ್ದ ಇಟ್ರಾಕೊನಜೋಲ್ ರಕ್ತಕ್ಕೆ ಸೇರುವುದು ಅಷ್ಟಕ್ಕಷ್ಟೇ. ದುಬಾರಿ ಕ್ಯಾಪ್ಸುಲ್ ಒಂದು ತಿಂಗಳು ನುಂಗಿಯೂ ಏನೂ ಆಗಲಿಲ್ಲ ಎಂದು ಬಂದವರನ್ನು ನಾನು ಮೊದಲು ಕೇಳುವುದು ಇದನ್ನೇ. ಬಿಳಿ ಆಂಟಾಸಿಡ್ ದ್ರವವಾದರೆ ಕ್ಯಾಪ್ಸುಲ್ ನುಂಗಿ ಎರಡು ಗಂಟೆ ಕಳೆದ ಮೇಲೆ ಕುಡಿಯಬಹುದು. ಪೊಟ್ಟಣದ ಮೇಲೆ 'ಎಸ್‌ಬಿ' ಎಂದು ಬರೆದ, ರಕ್ತಕ್ಕೆ ಹೆಚ್ಚು ಸೇರುವಂತೆ ತಯಾರಿಸಿದ ಬಗೆಯೂ ಇದೆ. ಅದರ ಮಿಲಿಗ್ರಾಂ ಲೆಕ್ಕ ಸಾಮಾನ್ಯ ಕ್ಯಾಪ್ಸುಲಿನ ಲೆಕ್ಕಕ್ಕೆ ಸಮನಲ್ಲವಾದ್ದರಿಂದ ಒಂದು ಸಿಗದಿದ್ದರೆ ಇನ್ನೊಂದನ್ನು ಅಂಗಡಿಯಲ್ಲೇ ಬದಲಿಸಿಕೊಳ್ಳಬಾರದು.

ಹೃದಯ ವೈಫಲ್ಯವಿರುವವರು ಚರ್ಮದ ಅಥವಾ ಉಗುರಿನ ಸೋಂಕಿಗೆಂದು ಇಟ್ರಾಕೊನಜೋಲ್ ತೆಗೆದುಕೊಳ್ಳಲೇಬಾರದು, ಅದು ಹೃದಯ ಹಿಂಡುವ ಬಲವನ್ನು ಕುಗ್ಗಿಸಬಲ್ಲದು. ಔಷಧ ಶುರುವಾದ ಮೇಲೆ ಕಾಲು ಊದಿಕೊಂಡರೆ, ಮಲಗಿದಾಗ ಏದುಸಿರು ಬಂದರೆ ನಿಲ್ಲಿಸಿ ಅಂದೇ ವೈದ್ಯರ ಬಳಿಗೆ ಹೋಗಬೇಕು. ಕೊಲೆಸ್ಟರಾಲ್‌ಗೆ ಸಿಮ್ವಸ್ಟಾಟಿನ್ ನುಂಗುವವರಿಗೆ ಅದರ ಜೊತೆ ಇದು ನಿಷಿದ್ಧ, ಸ್ನಾಯುಗಳಿಗೇ ಹಾನಿಯಾಗುತ್ತದೆ. ಆಸ್ತಮಾಕ್ಕೆ ಬುಡೆಸೊನೈಡ್ ಅಥವಾ ಫ್ಲುಟಿಕಸೋನ್ ಎಳೆದುಕೊಳ್ಳುವವರಲ್ಲಿ ಆ ಸ್ಟಿರಾಯ್ಡ್ ಕರಗದೆ ಮೈಯಲ್ಲಿ ಶೇಖರವಾಗಬಹುದು.

ಫ್ಲುಕೊನಜೋಲ್ ಊಟದ ಹಂಗಿಲ್ಲದೆ ರಕ್ತಕ್ಕೆ ಸೇರುವ, ನುಂಗಲು ಸುಲಭವಾದ ಮಾತ್ರೆ. ಯೋನಿಯ ಕ್ಯಾಂಡಿಡಾ ಸೋಂಕಿಗೆ 150 ಮಿಲಿಗ್ರಾಮಿನ ಒಂದೇ ಮಾತ್ರೆ ಸಾಕಾಗುವುದರಿಂದ ಅದರ ಖ್ಯಾತಿ ಬೆಳೆದಿದೆ, ಆದರೆ ಆ ಒಂದು ಮಾತ್ರೆಯನ್ನೇ ಹುಳುಕಡ್ಡಿಗೂ ವಾರಕ್ಕೊಂದರಂತೆ ತಾನಾಗಿ ನುಂಗುವುದು ಅರೆಬರೆ ಚಿಕಿತ್ಸೆ. ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆಯ ಪ್ರಭಾವವನ್ನು ಇದು ಹೆಚ್ಚಿಸಿ ಸಕ್ಕರೆಯನ್ನು ತೀರಾ ಇಳಿಸಬಲ್ಲದು. ರಕ್ತ ತಿಳಿಯಾಗಿಸುವ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವವಾಗಬಹುದು. ವಾರ್ಫರಿನ್ ವಿಷಯದಲ್ಲಿ, ಬಾಯಿಹುಣ್ಣಿಗೆ ಸವರುವ ಮೈಕೋನಜೋಲ್ ಜೆಲ್ ಕೂಡ ನಿರಪಾಯವಲ್ಲ ಎಂಬುದು ಅನೇಕರಿಗೆ ತಿಳಿಯದು. ಜೆಲ್ ತಾನೇ ಎಂದು ವೈದ್ಯರಿಗೆ ಹೇಳದೆ ಬಿಡಬೇಡಿ.

ಟರ್ಬಿನಾಫಿನ್ ಮಾತ್ರೆ ಬೇರೆ ಔಷಧಗಳೊಡನೆ ಇಷ್ಟು ಜಗಳ ಮಾಡುವುದಿಲ್ಲ, ಆದರೂ ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಂಥವುಗಳ ಮಟ್ಟವನ್ನು ಏರಿಸುತ್ತದೆ. ಹೆಚ್ಚು ಔಷಧ ನುಂಗುವ ವಯಸ್ಸಾದವರಿಗೆ ಹಾಗೂ ಉಗುರಿನ ಸೋಂಕಿಗೆ ವೈದ್ಯರು ಇದನ್ನೇ ಮುಂದಿಡುವುದಕ್ಕೆ ಇದೂ ಒಂದು ಕಾರಣ. ಉಗುರು ಬೆಳೆಯುವ ವೇಗಕ್ಕೆ ತಕ್ಕಂತೆ ಕೈಯುಗುರಿಗೆ ಆರು ವಾರ, ಕಾಲುಗುರಿಗೆ ಹನ್ನೆರಡು ವಾರ ನುಂಗಬೇಕು. ಕೆಲವರಿಗೆ ನಾಲಿಗೆಯ ರುಚಿ ಕೆಡುತ್ತದೆ, ಸಾರು ಉಪ್ಪಿದೆಯೋ ಇಲ್ಲವೋ ತಿಳಿಯುವುದಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಮರಳಲು ವಾರಗಳೇ ಹಿಡಿಯಬಹುದು. ಯಕೃತ್ತಿನ ಕಾಯಿಲೆ ಇರುವವರಿಗೆ ಇದನ್ನು ಕೊಡುವುದಿಲ್ಲ. ಗ್ರಿಸಿಯೋಫಲ್ವಿನ್ ಈಗ ಮುಖ್ಯವಾಗಿ ಮಕ್ಕಳ ತಲೆಯ ಹುಳುಕಡ್ಡಿಗೆ ಉಳಿದುಕೊಂಡಿದೆ. ಜಿಡ್ಡಿನ ಊಟ ಅಥವಾ ಹಾಲಿನ ಜೊತೆ ಕೊಟ್ಟರೆ ಮೈಗೆ ಹತ್ತುತ್ತದೆ, ಗರ್ಭಿಣಿಯರಿಗೆ ನಿಷಿದ್ಧ, ತೆಗೆದುಕೊಂಡ ಗಂಡಸರೂ ಆರು ತಿಂಗಳು ಮಗುವಿಗೆ ಪ್ರಯತ್ನಿಸಬಾರದು.

ಕೀಟೋಕೊನಜೋಲ್ ಮಾತ್ರೆಯನ್ನು ಈ ಹೋಲಿಕೆಗೇ ಸೇರಿಸಬಾರದು. ಯಕೃತ್ತಿಗೆ ಆಗುವ ಗಂಭೀರ ಹಾನಿಯ ಕಾರಣಕ್ಕೆ 2013ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಅದರ ಮಾರಾಟವನ್ನೇ ತಡೆಹಿಡಿಯಲು ಶಿಫಾರಸು ಮಾಡಿದರು, ಅಮೆರಿಕದವರು ಅದೇ ವರ್ಷ ಚರ್ಮ ಮತ್ತು ಉಗುರಿಗೆ ಬಳಸಕೂಡದೆಂದರು. ಅದರ ಶಾಂಪೂ ಮತ್ತು ಮುಲಾಮಿಗೆ ಈ ಭಯವಿಲ್ಲ, ತಲೆಹೊಟ್ಟಿಗೂ ಚಿಬ್ಬಿಗೂ ನಿಶ್ಚಿಂತೆಯಿಂದ ಬಳಸಬಹುದು.

ಯಾವ ಮಾತ್ರೆಯಾದರೂ ಸರಿ, ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಊಟ ಸೇರದೆ ವಾಕರಿಕೆ ನಿಲ್ಲದಿದ್ದರೆ ಮರುದಿನದ ಮಾತ್ರೆ ನುಂಗದೆ ವೈದ್ಯರನ್ನು ಕಾಣಬೇಕು. ಗರ್ಭಿಣಿಯರು ಚರ್ಮದ ಸೋಂಕಿಗಾಗಿ ಈ ಯಾವ ಮಾತ್ರೆಯನ್ನೂ ಸ್ವಂತ ನಿರ್ಧಾರದಿಂದ ನುಂಗಬಾರದು. ಅವರ ಬಿಳಿಸ್ರಾವಕ್ಕೂ ಫ್ಲುಕೊನಜೋಲ್ ಬದಲು ಏಳು ದಿನದ ಕ್ಲೋಟ್ರಿಮಜೋಲ್ ಯೋನಿಮಾತ್ರೆಯೇ ಸೂಕ್ತ.

ಸಕ್ಕರೆ ಕಾಯಿಲೆಯವರ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ ಗುಪ್ತಾಂಗದಲ್ಲಿ ಕ್ಯಾಂಡಿಡಾ ಬೆಳೆಯಲು ಅನುಕೂಲವಾಗುತ್ತದೆ. ಅಂಥವರ ತುರಿಕೆ ಸಾಮಾನ್ಯವಾಗಿ ಸಾದಾ ಕ್ಲೋಟ್ರಿಮಜೋಲ್‌ಗೆ ಇಳಿಯುತ್ತದೆ, ಮತ್ತೆ ಮತ್ತೆ ಬಂದರೆ ಸಕ್ಕರೆಯ ಮಾತ್ರೆಯನ್ನೇ ಬದಲಿಸಬೇಕೇ ಎಂದು ವೈದ್ಯರನ್ನು ಕೇಳಬೇಕು. ಇನ್ನೊಂದು, 2021ರಲ್ಲಿ ಕೋವಿಡ್ ಬೆನ್ನಲ್ಲೇ ನಾವು ಕಂಡ ಕಪ್ಪು ಶಿಲೀಂಧ್ರ. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಮುಖದ ಒಂದು ಬದಿ ನೋವು, ಊತ, ಮೂಗಿನಿಂದ ಕಪ್ಪು ಸ್ರಾವ ಕಾಣಿಸಿದರೆ ಇಲ್ಲಿ ಹೇಳಿದ ಯಾವ ಮಾತ್ರೆಯೂ ಮುಲಾಮೂ ನಿಲ್ಲುವುದಿಲ್ಲ. ಅದಕ್ಕೆ ಬೇಕಾದ್ದು ಆಸ್ಪತ್ರೆ, ಆಂಫೊಟೆರಿಸಿನ್ ಎಂಬ ಚುಚ್ಚುಮದ್ದು ಮತ್ತು ಶಸ್ತ್ರಚಿಕಿತ್ಸೆ, ಅದೂ ಗಂಟೆಗಳ ಲೆಕ್ಕದಲ್ಲಿ.

ಮನೆಯಲ್ಲಿ ಒಬ್ಬರಿಗೆ ಔಷಧ ಕೊಟ್ಟು ಉಳಿದವರ ತುರಿಕೆಯನ್ನು ಬಿಟ್ಟರೆ ಆಯ್ಕೆ ಮಾಡಿದ ಔಷಧ ಎಷ್ಟೇ ಒಳ್ಳೆಯದಾದರೂ ಫಲವಿಲ್ಲ. ಟವೆಲ್, ಸೋಪು, ಪಂಚೆ ಬೇರೆಯಾಗಬೇಕು, ಒಳ ಉಡುಪನ್ನು ಬಿಸಿನೀರಿನಲ್ಲಿ ಒಗೆದು ಒಳಮೈ ಹೊರಗಾಗುವಂತೆ ಬಿಸಿಲಿಗೆ ಹಾಕಬೇಕು. ಕಳೆದ ಮಳೆಗಾಲದಲ್ಲಿ ಒಬ್ಬ ಮಧ್ಯವಯಸ್ಕರು ಮೂರನೆಯ ಬಾರಿ ಅದೇ ಚೀಟಿ ಹಿಡಿದು ಬಂದಿದ್ದರು. ಔಷಧ ಸರಿಯಾದದ್ದೇ, ಹಚ್ಚಿದ್ದೂ ಲೆಕ್ಕಕ್ಕೆ ಸರಿಯಾಗಿಯೇ, ಗ್ಯಾಸ್ಟ್ರಿಕ್ ಮಾತ್ರೆಯೂ ಇಲ್ಲ. ಮಚ್ಚೆ ಎಲ್ಲಿ ಮರಳಿ ಶುರುವಾಗುತ್ತದೆಂದು ಕೇಳಿದೆ. ಸೊಂಟದ ಸುತ್ತ ಗೆರೆ ಎಳೆದಂತೆ, ಎಂದರು. ಷರಟು ಸರಿಸಿದಾಗ ಬಣ್ಣ ಮಾಸಿ, ಬೆವರು ಕುಡಿದು ಗಟ್ಟಿಯಾದ ಉಡಿದಾರ ಕಂಡಿತು. "ಇದನ್ನು ತೆಗೆಯಬಾರದಲ್ಲವೇ" ಎಂದರು. ವೈದ್ಯರಲ್ಲಿಗೆ ಮತ್ತೆ ಕಳಿಸಿದೆ. ವೈದ್ಯರು ಹಳೆಯದನ್ನು ಕತ್ತರಿಸಿಸಿ, ಚಿಕಿತ್ಸೆ ಪೂರ್ತಿಯಾದ ಮೇಲೆ ಹೊಸ ದಾರ ಕಟ್ಟಿಕೊಳ್ಳಿ ಎಂದರಂತೆ. ಆಮೇಲೆ ಅವರು ಅಂಗಡಿಗೆ ಬಂದದ್ದು ಬಿ.ಪಿ. ಮಾತ್ರೆಗೆ.